ಮಾಲ್ಡೀವ್ಸ್‌ಗೆ ಹೊರಟಿದ್ದೀರಾ? ಮೊದಲು ದೋಣಿ, ಆಮೇಲೆ ವಿಮಾನ

ಮಾಲ್ಡೀವ್ಸ್ ಅಂದ ಕೂಡಲೇ ಎಲ್ಲರೂ ಹುಡುಕುವುದು ಅಗ್ಗದ ವಿಮಾನ ಟಿಕೆಟ್. ಆಮೇಲೆ ರೂಮು. ಏರ್‌ಪೋರ್ಟಿನಿಂದ ಆ ರೂಮಿಗೆ ಹೋಗೋದು ಹೇಗೆ ಅನ್ನುವ ಯೋಚನೆ ಬರುವುದು ಕಟ್ಟಕಡೆಗೆ. ಖರ್ಚು ಕೈಮೀರುವುದೂ ಅಲ್ಲೇ. ಸುಮಾರು 1,190 ದ್ವೀಪಗಳು ಉತ್ತರದಿಂದ ದಕ್ಷಿಣಕ್ಕೆ 800 ಕಿಲೋಮೀಟರಿಗೂ ಹೆಚ್ಚು ಉದ್ದ ಚೆಲ್ಲಿಕೊಂಡಿರುವ ದೇಶ ಇದು. ಊರು ಅಂತ ಇರುವುದು 200ಕ್ಕಿಂತ ಕಡಿಮೆ ದ್ವೀಪಗಳಲ್ಲಿ. ವೆಲಾನಾ ವಿಮಾನ ನಿಲ್ದಾಣವೇ ಹುಲುಲೆ ಎಂಬ ದ್ವೀಪದ ಮೇಲಿದೆ. ಹೊರಗೆ ಬಂದು ರಸ್ತೆ ದಾಟಿದರೆ ಎದುರಿಗೆ ದೋಣಿಕಟ್ಟೆ. ಆದ್ದರಿಂದ ಮೊದಲು ದ್ವೀಪ ಗೊತ್ತು ಮಾಡಿಕೊಳ್ಳಿ, ನಂತರ ಅಲ್ಲಿಗೆ ಹೋಗುವ ದೋಣಿಯ ವೇಳೆ ನೋಡಿ, ವಿಮಾನದ ಟಿಕೆಟ್ ಆ ವೇಳೆಗೆ ಹೊಂದುವ ಹಾಗೆ ತೆಗೆಯಿರಿ.

ದ್ವೀಪಗಳಲ್ಲಿ ಎರಡು ಬಗೆ. ಒಂದು ರೆಸಾರ್ಟ್ ದ್ವೀಪ: ಇಡೀ ದ್ವೀಪಕ್ಕೆ ಒಂದೇ ಹೋಟೆಲು, ಹೊರಗೆ ಹೋಗಿ ಉಣ್ಣೋಣ ಅನ್ನುವ ಮಾತೇ ಇಲ್ಲ. ಇನ್ನೊಂದು ಸ್ಥಳೀಯರು ವಾಸಿಸುವ ದ್ವೀಪ: ಶಾಲೆ, ಮಸೀದಿ, ಅಂಗಡಿ ಎಲ್ಲ ಇರುವ ಊರು, ಅದರ ನಡುವೆ ಗೆಸ್ಟ್‌ಹೌಸ್‌ಗಳು. ರಾಜಧಾನಿ ಮಾಲೆಯಿಂದ ಹತ್ತಿರ ಬೇಕೆಂದರೆ ಮಾಫುಶಿ. ಸೌಕರ್ಯ ಹೆಚ್ಚು, ಜನಜಂಗುಳಿಯೂ ಹೆಚ್ಚು. ಸರ್ಫಿಂಗ್‌ಗೆ ತುಲುಸ್ಧೂ. ಪಪ್ಪಾಯಿ, ಕಲ್ಲಂಗಡಿ ಬೆಳೆಯುವ ತೋಡ್ಡೂ ಹಸಿರಿಗೆ ಹೆಸರಾದದ್ದು. ಟೈಗರ್ ಶಾರ್ಕ್ ನೋಡಲೆಂದೇ ಬರುವ ಡೈವರ್‌ಗಳು ದೂರದ ದಕ್ಷಿಣದ ಫುವಮ್ಮುಲಾಗೆ ಹೋಗುತ್ತಾರೆ. ವೇಲ್ ಶಾರ್ಕ್ ನೋಡುವ ಆಸೆಯಿದ್ದರೆ ದಕ್ಷಿಣ ಆರಿ ಅಟಾಲ್‌ನ (ಅಟಾಲ್ ಅಂದರೆ ಉಂಗುರದಂತೆ ಕೂಡಿದ ಹವಳದ ದ್ವೀಪಗಳ ಗುಂಪು) ದಿಗುರಾ ಸರಿಯಾದ ಜಾಗ, ಅಲ್ಲಿ ಅವು ವರ್ಷವಿಡೀ ಸಿಗುತ್ತವೆ. ಅಲ್ಲಿನ ಧಿವೇಹಿ ಭಾಷೆಯಲ್ಲಿ ‘ದಿಗು’ ಅಂದರೆ ಉದ್ದ. ನಮ್ಮ ‘ದೀರ್ಘ’ದ ನಂಟೇ. ಹೆಸರಿಗೆ ತಕ್ಕಂತೆ ಆ ದ್ವೀಪ ಮೂರು ಕಿಲೋಮೀಟರಿನಷ್ಟು ಉದ್ದವಿದೆ, ಅಗಲ ಮಾತ್ರ ಏನೇನೂ ಇಲ್ಲ.

ಈಗ ದೋಣಿಯ ವಿಷಯ. ಮಾಫುಶಿಗೆ ಸ್ಪೀಡ್‌ಬೋಟಿನಲ್ಲಿ ಅರ್ಧ ಗಂಟೆ, ಮುಕ್ಕಾಲು ಗಂಟೆ ಸಾಕು. ದಿನಕ್ಕೆ ಹಲವು ದೋಣಿಗಳಿವೆ. ದಿಗುರಾಗೆ ಸುಮಾರು ಎರಡು ಗಂಟೆ, ದೋಣಿಗಳೂ ಕಡಿಮೆ. ದೂರದ ದ್ವೀಪಗಳಿಗೆ ಕೊನೆಯ ದೋಣಿ ಸಾಮಾನ್ಯವಾಗಿ ಮಧ್ಯಾಹ್ನ ಇಳಿಯುವ ಹೊತ್ತಿಗೇ ಹೊರಟುಬಿಡುತ್ತದೆ. ಸಂಜೆ ಆರಕ್ಕೆ ಇಳಿಯುವ ವಿಮಾನದ ಟಿಕೆಟ್ ಎರಡು ಸಾವಿರ ಅಗ್ಗ ಅಂತ ತೆಗೆದರೆ, ಏರ್‌ಪೋರ್ಟಿನ ಪಕ್ಕದ ಹುಲುಮಾಲೆ ದ್ವೀಪದಲ್ಲಿ ಒಂದು ರಾತ್ರಿಯ ರೂಮು, ಟ್ಯಾಕ್ಸಿ, ಊಟ ಸೇರಿ ಆ ಉಳಿತಾಯದ ಹಲವು ಪಟ್ಟು ಹೋಗುತ್ತದೆ, ಜೊತೆಗೆ ಅರ್ಧ ದಿನವೂ. ಬೇರೆ ದಾರಿಯೇ ಇಲ್ಲದಿದ್ದರೆ ಹುಲುಮಾಲೆಯೇ ಸರಿ. ಏರ್‌ಪೋರ್ಟಿನಿಂದ ಅಲ್ಲಿಗೆ ರಸ್ತೆ ಇದೆ. 2018ರಲ್ಲಿ ಸೇತುವೆ ತೆರೆದ ಮೇಲೆ ಮಾಲೆಗೂ ರಸ್ತೆಯಲ್ಲೇ ಹೋಗಬಹುದು.

ಶುಕ್ರವಾರ ಇಳಿಯುವವರು ಇನ್ನೂ ಎಚ್ಚರವಾಗಿರಬೇಕು. ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ನಿಧಾನದ ಸಾರ್ವಜನಿಕ ಫೆರಿ ಶುಕ್ರವಾರ ಸಾಮಾನ್ಯವಾಗಿ ಓಡುವುದೇ ಇಲ್ಲ, ಸ್ಪೀಡ್‌ಬೋಟುಗಳ ವೇಳೆಯೂ ಮಧ್ಯಾಹ್ನದ ಪ್ರಾರ್ಥನೆಗಾಗಿ ಬದಲಾಗುತ್ತದೆ. ಆ ಫೆರಿಗೆ ತಗಲುವುದು ಕೆಲವೇ ಡಾಲರ್, ನಿಜ. ಆದರೆ ಅದು ಹೊರಡುವುದು ಮಾಲೆಯಿಂದ, ಏರ್‌ಪೋರ್ಟಿನಿಂದಲ್ಲ. ಕೈಯಲ್ಲಿ ನಾಲ್ಕೇ ದಿನ ಇರುವವರು ಅದರ ಗೊಡವೆಗೆ ಹೋಗದಿರುವುದು ಒಳ್ಳೆಯದು. ಗೆಸ್ಟ್‌ಹೌಸಿನವರಿಗೆ ವಿಮಾನದ ನಂಬರ್ ಕಳಿಸಿ, ಸ್ಪೀಡ್‌ಬೋಟಿನ ಸೀಟು ಅವರ ಕೈಯಲ್ಲೇ ಕಾದಿರಿಸಿ, ದೋಣಿಯ ಹೆಸರು ಮತ್ತು ವೇಳೆ ಬರಹದಲ್ಲಿ ತರಿಸಿಕೊಳ್ಳಿ. ವಿಮಾನ ಇಳಿಯುವುದಕ್ಕೂ ದೋಣಿ ಹೊರಡುವುದಕ್ಕೂ ನಡುವೆ ಕನಿಷ್ಠ ಒಂದೂವರೆ ಗಂಟೆ ಇರಲಿ.

ದೋಣಿಯಲ್ಲಿ ಕೂರುವ ಜಾಗಕ್ಕೂ ಲೆಕ್ಕವಿದೆ. ಅಲೆ ಎದ್ದ ದಿನ ಸ್ಪೀಡ್‌ಬೋಟಿನ ಮೂತಿ ಮೇಲಕ್ಕೇರಿ ನೀರಿಗೆ ಧಡ್ ಅಂತ ಬೀಳುತ್ತಲೇ ಇರುತ್ತದೆ. ಮುಂದಿನ ಸಾಲಿನಲ್ಲಿ ಕೂತವರ ಬೆನ್ನುಮೂಳೆಗೆ ಪ್ರತಿ ಏಟೂ ತಾಗುತ್ತದೆ. ಹಿಂದೆ, ಎಂಜಿನ್ ಹತ್ತಿರ ಸದ್ದು ಹೆಚ್ಚು, ಕುಲುಕಾಟ ಕಡಿಮೆ. ಬೆನ್ನುನೋವಿನವರು, ಬಸುರಿಯರು, ಹೊಟ್ಟೆ ತೊಳಸುವವರು ಹಿಂದೆಯೇ ಕೂರಬೇಕು. ವಾಂತಿ ತಡೆಯುವ ಮಾತ್ರೆ ತೆಗೆದುಕೊಳ್ಳುವುದಾದರೆ ಹೊರಡುವ ಅರ್ಧ ಗಂಟೆ ಮೊದಲೇ ನುಂಗಿ, ತೊಳಸು ಶುರುವಾದ ಮೇಲೆ ನುಂಗಿ ಪ್ರಯೋಜನವಿಲ್ಲ.

ದೂರದ ರೆಸಾರ್ಟ್‌ಗಳಿಗೆ ಸೀಪ್ಲೇನ್, ಅಂದರೆ ನೀರಿನ ಮೇಲೆ ಇಳಿಯುವ ಸಣ್ಣ ವಿಮಾನ. ಅದು ಹಗಲಿನಲ್ಲಿ ಮಾತ್ರ ಹಾರುತ್ತದೆ, ಹಾಗಾಗಿ ನಿಮ್ಮ ವಿಮಾನ ಮಧ್ಯಾಹ್ನ ಮೂರು, ಮೂರೂವರೆಯೊಳಗೆ ಇಳಿದಿರಬೇಕು. ಸಾಮಾನು ಸಾಮಾನ್ಯವಾಗಿ 20 ಕೆಜಿ, ಕೈಚೀಲ 5 ಕೆಜಿ. ಮೀರಿದ್ದಕ್ಕೆ ಹಣ ಕಟ್ಟಬೇಕು. ಕೆಲವು ರೆಸಾರ್ಟ್‌ಗಳು ಸಂಜೆಯ ಬೆಳಕು ಹೆಚ್ಚು ಸಿಗಲೆಂದು ತಮ್ಮ ಗಡಿಯಾರವನ್ನು ಮಾಲೆಯ ಸಮಯಕ್ಕಿಂತ ಒಂದು ಗಂಟೆ ಮುಂದಿಟ್ಟಿರುತ್ತವೆ. ವಾಪಸ್ ಹೊರಡುವ ವೇಳೆ ಹೇಳಿದಾಗ ಅದು ಯಾವ ಗಡಿಯಾರದ ವೇಳೆ ಎಂದು ಕೇಳಿಕೊಳ್ಳಿ.

ದುಡ್ಡಿನ ವಿಷಯದಲ್ಲಿ ಮೋಸ ಹೋಗುವುದು ಬೆಲೆಯ ಪಕ್ಕದಲ್ಲಿ ಸಣ್ಣಗೆ ಬರೆದಿರುವ ಎರಡು ಪ್ಲಸ್ ಗುರುತುಗಳಿಂದ. ಸರ್ವಿಸ್ ಚಾರ್ಜ್, ತೆರಿಗೆ ಬೇರೆ ಎಂದು ಅವುಗಳ ಅರ್ಥ. ರೂಮು ರಾತ್ರಿಗೆ 300 ಡಾಲರ್ ಎಂದಿದೆ ಅನ್ನಿ. ಅದಕ್ಕೆ 10% ಸರ್ವಿಸ್ ಚಾರ್ಜ್ ಸೇರಿ 330. ಆ ಮೊತ್ತದ ಮೇಲೆ ಪ್ರವಾಸೋದ್ಯಮ ಜಿಎಸ್‌ಟಿ. 2025ರ ಜುಲೈನಿಂದ ಅದು 17%. ಅಲ್ಲಿಗೆ 386 ಡಾಲರ್ ದಾಟಿತು. ಇನ್ನು ಗ್ರೀನ್ ಟ್ಯಾಕ್ಸ್ ತಲೆಗೆ, ರಾತ್ರಿಗೆ ಲೆಕ್ಕ: 2025ರ ಜನವರಿಯಿಂದ ರೆಸಾರ್ಟ್‌ಗಳಲ್ಲಿ 12 ಡಾಲರ್, 50 ಅಥವಾ ಅದಕ್ಕಿಂತ ಕಡಿಮೆ ರೂಮಿನ ಗೆಸ್ಟ್‌ಹೌಸ್‌ಗಳಲ್ಲಿ 6. ರೆಸಾರ್ಟಿನಲ್ಲಿ ಇಬ್ಬರಿಗೆ 24 ಸೇರಿಸಿದರೆ 300ರ ರೂಮು 410 ಆಯಿತು. ಊಟ, ಸೀಪ್ಲೇನ್ ಇನ್ನೂ ಬಂದೇ ಇಲ್ಲ. ಸೀಪ್ಲೇನಿಗೆ ಹೋಗಿಬರಲು ಒಬ್ಬರಿಗೆ ನೂರಾರು ಡಾಲರ್, ಅದೂ ಸಾಮಾನ್ಯವಾಗಿ ರೂಮಿನ ಬೆಲೆಯಲ್ಲಿ ಸೇರಿರುವುದಿಲ್ಲ. ಎರಡು ಜಾಗಗಳನ್ನು ಹೋಲಿಸುವಾಗ ಎಲ್ಲ ತೆರಿಗೆ ಮತ್ತು ಸಾಗಾಟ ಸೇರಿದ ಒಟ್ಟು ಮೊತ್ತವನ್ನೇ ಹೋಲಿಸಬೇಕು. ಅಲ್ಲಿನ ನಾಣ್ಯ ರುಫಿಯಾದ ಅಧಿಕೃತ ದರ ಡಾಲರಿಗೆ 15.42ರ ಆಸುಪಾಸಿನಲ್ಲಿ ನಿಂತಿದೆ. ಅಂಗಡಿ, ಹೋಟೆಲಿನ ಚಿಲ್ಲರೆ ಖರ್ಚಿಗೆ ಸ್ವಲ್ಪ ಮಾತ್ರ ಬದಲಿಸಿಕೊಂಡರೆ ಸಾಕು. ಸಣ್ಣ ಡಾಲರ್ ನೋಟುಗಳು ಹೆಚ್ಚು ಕೆಲಸಕ್ಕೆ ಬರುತ್ತವೆ.

ವೀಸಾ ತಲೆನೋವಿಲ್ಲ, ಇಳಿದಲ್ಲೇ ಪುಕ್ಕಟೆ ಸಿಗುತ್ತದೆ. ವಾಪಸ್ ಟಿಕೆಟ್ ಮತ್ತು ರೂಮಿನ ಬುಕಿಂಗ್ ಕೈಯಲ್ಲಿರಲಿ. ಇಮುಗಾ ಎಂಬ ಸರ್ಕಾರಿ ಜಾಲತಾಣದಲ್ಲಿ ಪ್ರಯಾಣಕ್ಕೆ ಮುಂಚಿನ 96 ಗಂಟೆಗಳ ಒಳಗೆ ಘೋಷಣಾ ಫಾರ್ಮ್ ತುಂಬಬೇಕು, ಹೋಗುವಾಗ ಒಮ್ಮೆ, ವಾಪಸ್ ಬರುವಾಗ ಇನ್ನೊಮ್ಮೆ. ಅದಕ್ಕೆ ಶುಲ್ಕವಿಲ್ಲ. ಹಣ ಕೇಳುವ ತಾಣ ಎದುರಾದರೆ ಅದು ಸರ್ಕಾರದ್ದಲ್ಲ.

ಹವೆ ನೋಡಿದರೆ ಜನವರಿಯಿಂದ ಏಪ್ರಿಲ್ ಒಣ ಕಾಲ, ಕಡಲು ಶಾಂತ, ಬೆಲೆ ದುಬಾರಿ. ಮೇ ತಿಂಗಳಿಂದ ನೈಋತ್ಯ ಮಾರುತ. ಗಾಳಿ, ಮಳೆ, ಏರುವ ಅಲೆ. ಆದರೆ ಮ್ಯಾಂಟಾ ರೇ ಎಂಬ ದೊಡ್ಡ ಚಪ್ಪಟೆ ಮೀನುಗಳ ಹಿಂಡು ನೋಡಬೇಕೆಂದರೆ ಆ ಕಾಲದಲ್ಲೇ ಹೋಗಬೇಕು. ಬಾ ಅಟಾಲ್‌ನ ಹನಿಫಾರು ಕೊಲ್ಲಿಯಲ್ಲಿ ಆ ಮಾರುತದ ಪ್ರವಾಹವೂ ಉಬ್ಬರವೂ ಸೇರಿ ಪ್ಲಾಂಕ್ಟನ್ ಎಂಬ ಸೂಕ್ಷ್ಮ ಜೀವಿಗಳನ್ನು ಒಳಗೆ ಕೂಡಿಹಾಕುತ್ತವೆ, ಅವನ್ನು ತಿನ್ನಲು ಮ್ಯಾಂಟಾಗಳು ಹಿಂಡುಹಿಂಡಾಗಿ ಬರುತ್ತವೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ ಜೋರಿರುವುದರಿಂದ ಆ ದಿನಗಳಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಒಳಗೆ ಸ್ನಾರ್ಕೆಲಿಂಗ್ (ಉಸಿರಿನ ಕೊಳವೆ ಕಚ್ಚಿಕೊಂಡು ನೀರಿನ ಮೇಲೆಯೇ ತೇಲುತ್ತ ನೋಡುವುದು) ಮಾತ್ರ, ಸಿಲಿಂಡರ್ ಕಟ್ಟಿಕೊಂಡು ಇಳಿಯುವಂತಿಲ್ಲ. ಟಿಕೆಟ್ ತೆಗೆಯುವ ಮೊದಲು ಪಂಚಾಂಗ ತಿರುವಿಹಾಕಿದರೆ ನಷ್ಟವಿಲ್ಲ.

ನೀರಿಗೆ ಇಳಿಯುವಾಗ ಭಯಪಡಬೇಕಾದದ್ದು ಶಾರ್ಕಿಗಲ್ಲ, ಪ್ರವಾಹಕ್ಕೆ. ಅಟಾಲ್‌ನ ಅಂಚಿನಲ್ಲಿ ಹವಳದ ಗೋಡೆ ಒಡೆದು ಬಾಯಿ ಬಿಟ್ಟಿರುವ ಕಡೆ ಉಬ್ಬರ ಇಳಿತದ ನೀರೆಲ್ಲ ನುಗ್ಗುತ್ತದೆ. ಇಳಿತದ ಹೊತ್ತಿನಲ್ಲಿ ಅದು ತೆರೆದ ಕಡಲಿಗೆ ಎಳೆದೊಯ್ಯುತ್ತದೆ. ದಂಡೆಯಿಂದ ಸ್ನಾರ್ಕೆಲಿಂಗ್ ಮಾಡುವವರು ಮೊದಲು ಐದು ನಿಮಿಷ ಸುಮ್ಮನೆ ತೇಲಿ ನೀರು ಯಾವ ಕಡೆ ಒಯ್ಯುತ್ತದೆ ನೋಡಬೇಕು. ಹೋಗುವಾಗ ಪ್ರವಾಹಕ್ಕೆ ಎದುರಾಗಿ ಹೋದರೆ, ದಣಿದು ಮರಳುವಾಗ ನೀರೇ ತಂದು ಬಿಡುತ್ತದೆ. ಇನ್ನೊಂದು ಕಿರಿಕಿರಿ ಟೈಟನ್ ಟ್ರಿಗರ್‌ಫಿಶ್ ಎಂಬ ಮೀನು. ಮೊಟ್ಟೆ ಕಾಯುವಾಗ ಅದು ಗೂಡಿನಿಂದ ಮೇಲಕ್ಕೆ ಕೊಳವೆಯ ಹಾಗೆ ಅಗಲವಾಗುತ್ತ ಹೋಗುವ ಜಾಗವನ್ನೆಲ್ಲ ತನ್ನದೆಂದುಕೊಳ್ಳುತ್ತದೆ. ಗಾಬರಿಯಲ್ಲಿ ಮೇಲಕ್ಕೆ ಈಜಿದಷ್ಟೂ ಅದರ ಗಡಿಯೊಳಗೇ ಇರುತ್ತೀರಿ. ಅಡ್ಡಕ್ಕೆ ಈಜಿ ಹೊರಬರಬೇಕು. ಕಾಲಿಗೆ ಹಾಕಿದ ಫಿನ್ ಅದರ ಕಡೆಗಿರಲಿ, ಕಚ್ಚಿದರೆ ರಬ್ಬರನ್ನೇ ಕಚ್ಚಲಿ.

ಸ್ಥಳೀಯರ ದ್ವೀಪಗಳಲ್ಲಿ ಈಜುಡುಗೆಗೆ ‘ಬಿಕಿನಿ ಬೀಚ್’ ಎಂದು ಗುರುತು ಮಾಡಿದ ಜಾಗ ಮಾತ್ರ. ಊರೊಳಗೆ ಭುಜ, ಮಂಡಿ ಮುಚ್ಚಿರಬೇಕು. ಮದ್ಯ ಸಿಗುವುದಿಲ್ಲ, ತರುವಂತೆಯೂ ಇಲ್ಲ. ಪೂಜೆಯ ವಿಗ್ರಹಗಳನ್ನು ದೇಶದೊಳಗೆ ತರುವುದೂ ನಿಷಿದ್ಧ. ರಂಜಾನ್ ತಿಂಗಳಲ್ಲಿ ಹಗಲು ಹೋಟೆಲುಗಳು ಮುಚ್ಚಿರುತ್ತವೆ, ಗೆಸ್ಟ್‌ಹೌಸಿನಲ್ಲಿ ಮಧ್ಯಾಹ್ನದ ಊಟ ಮೊದಲೇ ಹೇಳಿಟ್ಟುಕೊಳ್ಳಬೇಕು. ಸಸ್ಯಾಹಾರಿಗಳು ‘ಮಸ್’ ಎಂಬ ಒಂದು ಪದ ನೆನಪಿಟ್ಟುಕೊಂಡರೆ ಸಾಕು: ಮೀನು. ಮಸ್ ಹುನಿ ಎಂಬ ಬೆಳಗಿನ ತಿಂಡಿ ನೋಡಲು ಬರೀ ತೆಂಗಿನತುರಿ, ಈರುಳ್ಳಿ ಕಲಸಿದ ಹಾಗಿರುತ್ತದೆ, ಒಳಗೆ ಪುಡಿ ಮಾಡಿದ ಟ್ಯೂನಾ. ಸಂಜೆಯ ಕರಿದ ತಿಂಡಿಗಳಲ್ಲೂ ಹೆಚ್ಚಿನವು ಅದನ್ನೇ ತುಂಬಿದವು.

ಡೈವಿಂಗ್ ಇದ್ದರೆ ಮೊದಲ ದಿನಗಳಲ್ಲೇ ಮುಗಿಸಿ. ಕೊನೆಯ ಡೈವ್ ಆಗಿ 18ರಿಂದ 24 ಗಂಟೆ ವಿಮಾನ ಹತ್ತುವಂತಿಲ್ಲ. ಸೀಪ್ಲೇನ್ ಕೂಡ ವಿಮಾನವೇ. ಹೊರಡುವ ಹಿಂದಿನ ದಿನವನ್ನು ದಂಡೆಯ ಮೇಲಿನ ತಿರುಗಾಟಕ್ಕೆ ಇಟ್ಟುಕೊಳ್ಳಿ. ಆಗ ಕಾಲಡಿ ಸಿಕ್ಕ ಹವಳದ ತುಂಡು, ಚಿಪ್ಪುಗಳನ್ನು ಅಲ್ಲೇ ಬಿಡಿ. ಅವನ್ನು ದೇಶದಿಂದ ಒಯ್ಯುವುದಕ್ಕೆ ನಿರ್ಬಂಧವಿದೆ, ಏರ್‌ಪೋರ್ಟಿನ ಸ್ಕ್ಯಾನರ್‌ನಲ್ಲಿ ಕಂಡರೆ ಪೆಟ್ಟಿಗೆ ಬಿಚ್ಚಿಸುತ್ತಾರೆ.