ಜೇಮ್ಸ್‌ಟೌನ್‌: ಚರ್ಚಿನಲ್ಲಿ ಸೇರಿದ ಶಾಸನಸಭೆ

ಅಮೆರಿಕದ ವರ್ಜೀನಿಯಾ ರಾಜ್ಯದ ವಿಲಿಯಮ್ಸ್‌ಬರ್ಗ್‌ನಿಂದ ಹೊರಟ ರಸ್ತೆ ಕಾಡು, ಜೌಗುಗಳನ್ನು ದಾಟಿ ಜೇಮ್ಸ್ ನದಿಯ ದಡದಲ್ಲಿರುವ ಜೇಮ್ಸ್‌ಟೌನ್ ದ್ವೀಪವನ್ನು ಮುಟ್ಟುತ್ತದೆ. 1607ರ ಮೇ ತಿಂಗಳಲ್ಲಿ ಮೂರು ಹಡಗುಗಳಲ್ಲಿ ಬಂದ ಇಂಗ್ಲಿಷರು ಇಳಿದದ್ದು ಇಲ್ಲಿಯೇ, ಮೂಲನಿವಾಸಿಗಳಾದ ಪಾಸ್ಪಹೆ ಜನರ ನೆಲದಲ್ಲಿ. ಅವರು ಕಟ್ಟಿದ ಕೋಟೆ ನದಿಯ ಪಾಲಾಯಿತೆಂದೇ ಬಹುಕಾಲ ನಂಬಲಾಗಿತ್ತು. 1994ರಲ್ಲಿ ಆರಂಭವಾದ ಉತ್ಖನನದಲ್ಲಿ, ಮರದ ಕಂಬಗಳು ಕೊಳೆತು ಮಣ್ಣಿನಲ್ಲಿ ಬಿಟ್ಟ ಕಪ್ಪು ಕಲೆಗಳ ಜಾಡು ಹಿಡಿದು ಅದನ್ನು ಪತ್ತೆಮಾಡಿದರು. ಅದೇ ಜಾಗದಲ್ಲಿ ಈಗ ಹೊಸ ಕಂಬಗಳ ಸಾಲು ನಿಂತಿದೆ.

ನಾನು ಹೆಚ್ಚು ಹೊತ್ತು ಕಳೆದದ್ದು ಚರ್ಚಿನಲ್ಲಿ. ಇಟ್ಟಿಗೆಯ ಹಳೆಯ ಗೋಪುರಕ್ಕೆ ಅಂಟಿಕೊಂಡಿರುವ ಈಗಿನ ಕಟ್ಟಡ ಇಪ್ಪತ್ತನೆಯ ಶತಮಾನದ್ದು. ಅದರ ನೆಲದ ಗಾಜಿನ ಕೆಳಗೆ 1617ರ ಮರದ ಚರ್ಚಿನ ತಳಪಾಯದ ಗುಂಡುಕಲ್ಲುಗಳು ಕಾಣುತ್ತವೆ. ಐವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಆ ಚರ್ಚಿನಲ್ಲಿ 1619ರ ಜುಲೈ 30ರಂದು ಗವರ್ನರ್ ಜಾರ್ಜ್ ಯಾರ್ಡ್ಲಿ, ಅವನ ಸಲಹಾ ಮಂಡಳಿ ಮತ್ತು ಹನ್ನೊಂದು ವಸತಿಗಳು ತಲಾ ಇಬ್ಬರಂತೆ ಆರಿಸಿ ಕಳಿಸಿದ ಪ್ರತಿನಿಧಿಗಳು ಸಭೆ ಸೇರಿದರು. ಕಡುಬೇಸಿಗೆಯ ಆ ದಿನಗಳಲ್ಲೇ ಒಬ್ಬ ಪ್ರತಿನಿಧಿ ತೀರಿಕೊಂಡ.

ಸಭೆಗೆ ಅಪ್ಪಣೆ ಕೊಟ್ಟದ್ದು ಈ ವಸಾಹತನ್ನು ನಡೆಸುತ್ತಿದ್ದ ಲಂಡನ್ನಿನ ವರ್ಜೀನಿಯಾ ಕಂಪನಿ. ಅದರ ಖಜಾಂಚಿಯಾಗಿದ್ದ ಥಾಮಸ್ ಸ್ಮಿತ್, ಭಾರತಕ್ಕೆ ಬಂದ ಈಸ್ಟ್ ಇಂಡಿಯಾ ಕಂಪನಿಯ ಮೊದಲ ಗವರ್ನರ್ ಕೂಡ. ಹಸಿವು, ರೋಗ ಮತ್ತು ಕಠೋರ ಸೈನಿಕ ಕಾನೂನಿನಿಂದ ಹೆಸರು ಕೆಟ್ಟಿದ್ದ ವಸಾಹತಿಗೆ ಜನರನ್ನು ಸೆಳೆಯಬೇಕಾದರೆ ಜಮೀನಿನ ಜೊತೆಗೆ ಆಡಳಿತದಲ್ಲಿ ಒಂದಿಷ್ಟು ಪಾಲನ್ನೂ ಕೊಡಬೇಕೆಂಬುದು ಕಂಪನಿಗೆ ಮನವರಿಕೆಯಾಗಿತ್ತು. ಇಲ್ಲಿ ಮಾಡಿದ ಕಾನೂನಿಗೆ ಅಂತಿಮ ಒಪ್ಪಿಗೆ ಮಾತ್ರ ಲಂಡನ್ನಿನಿಂದಲೇ ಬರಬೇಕಿತ್ತು.

ಆದರೂ ಆ ಸಭೆ ಮೊದಲೇ ಎತ್ತಿಕೊಂಡ ಪ್ರಶ್ನೆ ನನ್ನನ್ನು ಬಹಳವಾಗಿ ಸೆಳೆಯಿತು: ಇಲ್ಲಿ ಕೂರಲು ಯಾರು ಅರ್ಹರು? ಜಾನ್ ಮಾರ್ಟಿನ್ ಎಂಬ ಜಮೀನುದಾರನ ಸನದು ಅವನ ವಸತಿಗೆ ವಸಾಹತಿನ ಆಡಳಿತದಿಂದ ವಿನಾಯಿತಿ ಕೊಟ್ಟಿತ್ತು. ಇತರರಿಗೆ ಕಾನೂನು ಮಾಡಿ ತಾವು ಅದಕ್ಕೆ ಒಳಪಡದವರು ಇಲ್ಲಿ ಹೇಗೆ ಕೂರಬಹುದೆಂದು ಸಭೆ ಕೇಳಿತು. ಮಾರ್ಟಿನ್ ಆ ವಿನಾಯಿತಿಯನ್ನು ಬಿಟ್ಟುಕೊಡಲು ಒಪ್ಪದಿದ್ದುದರಿಂದ ಅವನ ಕಡೆಯ ಇಬ್ಬರನ್ನೂ ಹೊರಗಿಟ್ಟಿತು. ಹೊಗೆಸೊಪ್ಪಿನ ಬೆಲೆ ಕಟ್ಟಿದ್ದಕ್ಕಿಂತ, ಜೂಜನ್ನು ನಿಷೇಧಿಸಿದ್ದಕ್ಕಿಂತ ಇದೇ ಆ ಸಭೆಯ ದೊಡ್ಡ ಕೆಲಸವೆಂದು ನಾನು ಭಾವಿಸುತ್ತೇನೆ.

ಆ ಪ್ರಶ್ನೆಯನ್ನು ಅವರು ಅಲ್ಲಿಗೇ ನಿಲ್ಲಿಸಿಬಿಟ್ಟರು. ನೆಲದ ಮೂಲ ಒಡೆಯರಿಗೆ ಸಭೆಯಲ್ಲಿ ಸ್ಥಾನವಿರಲಿಲ್ಲ, ಹೆಂಗಸರಿಗೂ ಇರಲಿಲ್ಲ. ಚರ್ಚಿನಿಂದ ಸ್ವಲ್ಪ ದೂರ ನಡೆದರೆ, ಆಫ್ರಿಕಾದ ಅಂಗೋಲಾ ಕಡೆಯಿಂದ ಸೆರೆಯಾಗಿ ಬಂದ ಆಂಜೆಲಾ ಎಂಬಾಕೆ ದುಡಿದ, ಕ್ಯಾಪ್ಟನ್ ವಿಲಿಯಂ ಪಿಯರ್ಸ್‌ನ ಮನೆಯ ನಿವೇಶನವಿದೆ. ಆಕೆಯ ಬಗ್ಗೆ ಉಳಿದಿರುವುದು 1620ರ ದಶಕದ ಜನಗಣತಿಯ ಪಟ್ಟಿಗಳಲ್ಲಿರುವ ಹೆಸರು ಮತ್ತು ಒಂದೆರಡು ವಿವರ, ಅಷ್ಟೇ. ಮುಂದೆ 1662ರಲ್ಲಿ ಇದೇ ಶಾಸನಸಭೆ, ತಾಯಿ ಗುಲಾಮಳಾಗಿದ್ದರೆ ಹುಟ್ಟುವ ಮಗುವೂ ಗುಲಾಮನೇ ಎಂದು ಕಾನೂನು ಮಾಡಿತು. ಆ ಕಾನೂನಿಗೆ ಒಳಪಡಬೇಕಾದವರಲ್ಲಿ ಒಬ್ಬರೂ ಸಭೆಯಲ್ಲಿರಲಿಲ್ಲ.