ಡಿಕ್ಕಿಯಲ್ಲಿ ಹಳೇ ಪೈಪು

ಇವತ್ತು ನಮ್ಮ ಪದ್ಮಿನಿ ಕಾರಿನ ರೇಡಿಯೇಟರ್ ಪೈಪು ಬದಲಾಯಿಸಿದೆವು. ವಿಜಯಪುರದಿಂದ ಕನ್ಯಾಕುಮಾರಿ ತನಕ ಸಹಾಯಾರ್ಥ ರ‍್ಯಾಲಿ. ಗಾಡಿಯದು 1089 ಸಿಸಿ ಎಂಜಿನ್. ಬಿಸಿಲು ಮಾತ್ರ ಅದಕ್ಕೆ ಆಗಲ್ಲ.

ಹಳೇ ಪೈಪು ಎಸೆಯಲು ಹೋದೆ. ಗ್ಯಾರೇಜ್ ಕಾಕಾ ಕೈ ಹಿಡಿದರು.

"ಒಗೀಬ್ಯಾಡೋ ತಮ್ಮಾ, ಡಿಕ್ಕಿಯೊಳಗ ಇಡು. ಹೊಸಾದು ಕೈ ಕೊಟ್ರ ಇದೇ ಊರು ಮುಟ್ಟಸ್ತದ."

ಒತ್ತಿ ನೋಡಿದೆ. ಮೆತ್ತಗಾಗಿದೆ. ಕ್ಲಿಪ್ ಕೂರುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು. ಆದರೂ ಎರಡು ಬೇಸಿಗೆ, ಸೊಲ್ಲಾಪುರಕ್ಕೆ ಎಷ್ಟೋ ಸಲ, ಒಂದು ಹನಿ ಸೋರಿಲ್ಲ. ಹೊಸದು ಮಿಂಚುತ್ತಿದೆ, ಆದರೆ ಅದು ಎಲ್ಲಿ ಬಿರಿಯುತ್ತೋ ಯಾರಿಗೆ ಗೊತ್ತು? ಹಳೆಯದರದ್ದು ನಮಗೆ ಗೊತ್ತಿರುತ್ತೆ, ಅಲ್ವಾ. (ಮನುಷ್ಯರ ವಿಷಯ ಹೇಳ್ತಿಲ್ಲ, ಸುಮ್ನೆ ಪೈಪಿನದ್ದು.)

ಡಿಕ್ಕಿಯಲ್ಲಿ ಈಗ ಸ್ಟೆಪ್ನಿ, ಫ್ಯಾನ್ ಬೆಲ್ಟು, ನಾಲ್ಕು ಪ್ಲಗ್ಗು, ಎರಡು ಕ್ಯಾನ್ ನೀರು, ಆ ಪೈಪು. ಅವ್ವನ ಕಟಕ ರೊಟ್ಟಿ, ಶೇಂಗಾ ಹಿಂಡಿಗೆ ಇನ್ನೂ ಜಾಗ ಹುಡುಕಬೇಕು.