ಸೋತ ಮೇಲೆ ಹೆಸರು ಬರೆದುಕೊಂಡವನು

ಚುನಾವಣೆ ಗೆದ್ದವರ ಕಥೆ ಓದುವುದೆಂದರೆ ನನಗೆ ಬೇಜಾರು. ಗೆದ್ದ ಮೇಲೆ ಎಲ್ಲರೂ ಬುದ್ಧಿವಂತರೇ. ಸೋತವರು ಮಾರನೇ ದಿನ ಎದ್ದು ಏನು ಮಾಡಿದರು ಅನ್ನೋದರಲ್ಲಿ ನನಗೆ ಆಸಕ್ತಿ ಜಾಸ್ತಿ. ಅದರಲ್ಲೂ ಕನ್ಸರ್ವೇಟಿವ್ ಅಂತ ಕರೆಸಿಕೊಳ್ಳುವ ಬಲಪಂಥದವರು ನೆಲ ಕಚ್ಚಿ ಮತ್ತೆ ಎದ್ದ ಕಥೆಗಳಿವೆಯಲ್ಲ, ಅವನ್ನು ಎಷ್ಟು ಸಲ ಓದಿದರೂ ಸಾಕು ಅನಿಸುವುದಿಲ್ಲ. ನಾನು ಅವರ ಪೈಕಿ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಅವರ ಎಷ್ಟೋ ಮಾತು ನನಗೆ ಹಿಡಿಸುವುದಿಲ್ಲ. ಆದರೆ ಒಬ್ಬರಿಂದ ಕೆಲಸ ಕಲಿಯಬೇಕಾದರೆ ಅವರ ಮಾತೆಲ್ಲ ಒಪ್ಪಲೇಬೇಕು ಅಂತೇನಿಲ್ಲ, ಅಲ್ವಾ?

1964ರ ನವೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ಕನ್ಸರ್ವೇಟಿವ್ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್ ಸೋತರು. ಸೋತರು ಅಂದರೆ ಸಾಲದು, ಚಿಂದಿಯಾದರು. ಐವತ್ತು ರಾಜ್ಯಗಳಲ್ಲಿ ಗೆದ್ದಿದ್ದು ಆರು. ಎಲೆಕ್ಟೋರಲ್ ಮತ, ಅಂದರೆ ಅಧ್ಯಕ್ಷರನ್ನು ಆರಿಸುವ ರಾಜ್ಯವಾರು ಮತ, ಎದುರಾಳಿ ಲಿಂಡನ್ ಜಾನ್ಸನ್‌ಗೆ 486, ಇವರಿಗೆ 52. ಅವರ ಜೊತೆ ಪಕ್ಷವೂ ಮುಳುಗಿತು, ಕೆಳಮನೆಯ 435 ಸೀಟುಗಳಲ್ಲಿ ರಿಪಬ್ಲಿಕನ್ನರ ಪಾಲಿಗೆ ಉಳಿದಿದ್ದು 140. ಇನ್ನು ಈ ಕನ್ಸರ್ವೇಟಿವ್ ಹುಚ್ಚಾಟ ಮುಗೀತು ಅಂತ ದೊಡ್ಡ ದೊಡ್ಡ ಅಂಕಣಕಾರರೆಲ್ಲ ಬರೆದರು. ಪಕ್ಷದ ಒಳಗಿದ್ದ ಹಿರಿಯರೂ ಹೆಚ್ಚು ಕಮ್ಮಿ ಅದನ್ನೇ ಹೇಳಿದರು.

ಹದಿನಾರು ವರ್ಷ ಆದ ಮೇಲೆ, 1980ರಲ್ಲಿ, ಅದೇ ವಿಚಾರ ಹೇಳಿಕೊಂಡು ರೊನಾಲ್ಡ್ ರೇಗನ್ 44 ರಾಜ್ಯ ಗೆದ್ದರು. ಈ ಕಥೆ ಹೇಳುವವರೆಲ್ಲ ರೇಗನ್ ಭಾಷಣದಿಂದ ಶುರು ಮಾಡುತ್ತಾರೆ. 1964ರ ಅಕ್ಟೋಬರ್ 27ರಂದು, ಸೋಲಿಗೆ ಒಂದು ವಾರ ಮೊದಲು, ಗೋಲ್ಡ್‌ವಾಟರ್ ಪರವಾಗಿ ರೇಗನ್ ಟಿವಿಯಲ್ಲಿ ಅರ್ಧ ಗಂಟೆ ಮಾತಾಡಿದರು. ಜನ ಬೆರಗಾದರು, ಹಣ ಹರಿದುಬಂತು, ಎರಡು ವರ್ಷಕ್ಕೆ ರೇಗನ್ ಕ್ಯಾಲಿಫೋರ್ನಿಯಾದ ಗವರ್ನರ್ ಆಗಿ ಗೆದ್ದರು. ಎಲ್ಲ ನಿಜ. ಆದರೆ ಭಾಷಣ ಕೇಳಿ ಚಪ್ಪಾಳೆ ತಟ್ಟಿದವರು ಮರುದಿನ ಎಲ್ಲಿಗೆ ಹೋದರು? ಅವರನ್ನು ಮತ್ತೆ ಹುಡುಕುವುದು ಹೇಗೆ? ಅದಕ್ಕೆ ಉತ್ತರ ಕಂಡುಕೊಂಡವನು ಬೇರೆ ಒಬ್ಬ.

ಅವನ ಹೆಸರು ರಿಚರ್ಡ್ ವಿಗರಿ. ಆಗ ಮೂವತ್ತರ ಆಸುಪಾಸು. ಒಂದು ಬಲಪಂಥೀಯ ಯುವ ಸಂಘಟನೆಯಲ್ಲಿ ಕೆಲಸಕ್ಕಿದ್ದ. ಅಲ್ಲಿ ಅವನಿಗೆ ಕೊಟ್ಟ ಕೆಲಸ ಶ್ರೀಮಂತರಿಗೆ ಫೋನ್ ಮಾಡಿ ಹಣ ಕೇಳುವುದು. ಮಹಾ ಸಂಕೋಚದ ಮನುಷ್ಯ, ಬಾಯಿಬಿಟ್ಟು ಕೇಳುವುದಕ್ಕೆ ನಾಚಿಕೆ. ಹಾಗಾಗಿ ಫೋನ್ ಬಿಟ್ಟು ಪತ್ರ ಬರೆಯೋಕೆ ಶುರು ಮಾಡಿದ. ಪತ್ರಕ್ಕೆ ದುಡ್ಡು ಬಂತು. ನನಗೆ ಈ ಕಥೆಯಲ್ಲಿ ಅತಿ ಇಷ್ಟವಾದ ಭಾಗ ಇದೇ: ಒಂದು ದೇಶದ ರಾಜಕೀಯ ಬದಲಾಯಿಸಿದ ವಿದ್ಯೆ ಹುಟ್ಟಿದ್ದು ಒಬ್ಬನ ಸಂಕೋಚದಿಂದ.

ಗೋಲ್ಡ್‌ವಾಟರ್ ಸೋತ ಮೇಲೆ ವಿಗರಿ ವಾಷಿಂಗ್ಟನ್ನಿನಲ್ಲಿ ಕೆಳಮನೆಯ ಕ್ಲರ್ಕ್ ಕಚೇರಿಗೆ ಹೋದ. ಚುನಾವಣೆಗೆ 50 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಕೊಟ್ಟವರ ಹೆಸರು, ವಿಳಾಸ ಅಲ್ಲಿ ದಾಖಲಾಗಿತ್ತು. ಯಾರು ಬೇಕಾದರೂ ನೋಡಬಹುದಿತ್ತು. ಆದರೆ ನಕಲು ಬೇಕಾದರೆ ಕೂತು ಕೈಯಲ್ಲೇ ಬರೆದುಕೊಳ್ಳಬೇಕು. ಅವನು ಬರೆದುಕೊಂಡ. ಸಹಾಯಕ್ಕೆ ಕೆಲವು ಹೆಂಗಸರನ್ನು ಕೂಲಿಗೆ ಕರೆದುಕೊಂಡು ಬಂದ, ಅವರೂ ಬರೆದರು. ದಿನಗಟ್ಟಲೆ ಇದೇ ಕೆಲಸ: ಹೆಸರು, ಬೀದಿ, ಊರು, ರಾಜ್ಯ. ಮುಗಿಯುವ ಹೊತ್ತಿಗೆ ಅವನ ಹತ್ತಿರ ಸುಮಾರು 12,500 ಹೆಸರಿತ್ತು.

ಸ್ವಲ್ಪ ಯೋಚಿಸಿ. ಉಳಿದವರೆಲ್ಲ ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದರು? ಸೋತಿದ್ದು ಯಾಕೆ ಅಂತ ಲೇಖನ ಬರೆಯುತ್ತಿದ್ದರು. ಯಾರ ತಪ್ಪು ಅಂತ ಜಗಳ ಆಡುತ್ತಿದ್ದರು. ಇವನೊಬ್ಬ ಮಾತ್ರ, ಸೋಲುವವನು ಅಂತ ಗೊತ್ತಿದ್ದೂ ಜೇಬಿನಿಂದ 50 ಡಾಲರ್ ತೆಗೆದು ಕೊಟ್ಟವನು ಯಾರು ಅಂತ ಹುಡುಕುತ್ತಿದ್ದ. ಗೆಲ್ಲುವವನಿಗೆ ಹಣ ಕೊಡುವವರು ಬೇಕಾದಷ್ಟು ಜನ, ಅವರಿಗೆ ಬೇರೆ ಲೆಕ್ಕ ಇರುತ್ತದೆ. ಸೋಲುವವನಿಗೆ ಕೊಡುವವನೇ ನಿಜವಾದ ಗಿರಾಕಿ.

ಆ ಪಟ್ಟಿ ಹಿಡಿದು 1965ರಲ್ಲಿ ಅವನು ಅಂಚೆ ಮೂಲಕ ಹಣ ಎತ್ತುವ ಕಂಪನಿ ಶುರು ಮಾಡಿದ. ಈ ವ್ಯವಹಾರದ ಒಳಗುಟ್ಟು ಸರಳ. ಗೊತ್ತಿಲ್ಲದ ನೂರು ಜನಕ್ಕೆ ಪತ್ರ ಹಾಕಿದರೆ ಒಬ್ಬರೋ ಇಬ್ಬರೋ ಹಣ ಕಳಿಸುತ್ತಾರೆ. ಸ್ಟಾಂಪಿನ ಖರ್ಚೂ ಹುಟ್ಟುವುದಿಲ್ಲ, ಮೊದಲ ಸುತ್ತು ನಷ್ಟವೇ. ಆದರೆ ಆ ಒಬ್ಬಿಬ್ಬರು ಇನ್ನು ನಿಮ್ಮವರು. ಅವರಿಗೆ ಮತ್ತೆ ಬರೆದರೆ ನೂರರಲ್ಲಿ ಎಷ್ಟೋ ಜಾಸ್ತಿ ಜನ ಕೊಡುತ್ತಾರೆ. ಹೀಗೆ ಪಟ್ಟಿ ಬೆಳೆಯುತ್ತದೆ, ಆಮೇಲೆ ಪಟ್ಟಿಯೇ ಬಂಡವಾಳ. ಪತ್ರಿಕೆ, ಟಿವಿ ಎಲ್ಲ ತಮ್ಮ ವಿರುದ್ಧ ಅಂತ ಗೊಣಗುತ್ತಿದ್ದವರಿಗೆ ಸಂಪಾದಕರ ಹಂಗಿಲ್ಲದ ದಾರಿ ಸಿಕ್ಕಿತು. ಸೀದಾ ಮನೆ ಬಾಗಿಲಿಗೆ.

ಇದರಲ್ಲಿ ವಿಷವೂ ಇತ್ತು. ಪತ್ರ ಬರೆಯುವವರಿಗೆ ಬೇಗ ಅರ್ಥವಾಗುವ ವಿಷಯ ಅಂದರೆ, ತಣ್ಣಗೆ ಬರೆದ ಪತ್ರಕ್ಕೆ ಹಣ ಬರುವುದಿಲ್ಲ. ಹೆದರಿಸಿದರೆ ಬರುತ್ತದೆ, ಸಿಟ್ಟು ಬರಿಸಿದರೆ ಇನ್ನೂ ಜಾಸ್ತಿ ಬರುತ್ತದೆ. ಇವತ್ತು ಫೋನಿಗೆ ಬರುವ ಎಲ್ಲ ಪಕ್ಷಗಳ ಸಂದೇಶಗಳಿಗೂ ಈ ಪತ್ರಗಳೇ ಅಜ್ಜ. ಮೇಲಾಗಿ ಬಂದ ಹಣದಲ್ಲಿ ದೊಡ್ಡ ಪಾಲು ಇನ್ನಷ್ಟು ಪತ್ರ ಕಳಿಸುವುದಕ್ಕೇ ಹೋಗುತ್ತಿತ್ತು ಅನ್ನುವ ದೂರು ವಿಗರಿ ಮೇಲೆ ಇತ್ತು.

ಇನ್ನೊಂದು ವಿಷಯ ಮುಚ್ಚಿಟ್ಟರೆ ಈ ಕಥೆ ಸುಳ್ಳಾಗುತ್ತದೆ. ಗೋಲ್ಡ್‌ವಾಟರ್ ಗೆದ್ದ ಆರು ರಾಜ್ಯಗಳಲ್ಲಿ ಒಂದು ಅವರ ಸ್ವಂತ ರಾಜ್ಯ ಅರಿಜೋನ. ಉಳಿದ ಐದು ಲೂಸಿಯಾನ, ಮಿಸಿಸಿಪ್ಪಿ, ಅಲಬಾಮ, ಜಾರ್ಜಿಯ, ಸೌತ್ ಕೆರೊಲಿನ. ದಕ್ಷಿಣದ ಬಿಳಿಯರು ಅವರ ಕಡೆ ವಾಲಿದ್ದು ಸಣ್ಣ ಸರ್ಕಾರದ ಸಿದ್ಧಾಂತ ಓದಿ ಅಲ್ಲ. ಕರಿಯರಿಗೆ ಸಮಾನ ಹಕ್ಕು ಕೊಡುವ 1964ರ ಕಾಯಿದೆಯ ವಿರುದ್ಧ ಗೋಲ್ಡ್‌ವಾಟರ್ ಸೆನೆಟ್‌ನಲ್ಲಿ ಮತ ಹಾಕಿದ್ದರು, ಅದಕ್ಕೆ. ಮುಂದೆ ಕಟ್ಟಿದ ಮನೆಯ ಒಂದು ಗೋಡೆ ಈ ಇಟ್ಟಿಗೆಯದ್ದೇ. ವಿಚಾರದ ಬಲದಿಂದಲೇ ಗೆದ್ದೆವು ಅಂತ ಹೇಳುವವರು ಈ ಭೂಪಟ ಒಮ್ಮೆ ನೋಡಬೇಕು.

ಹಾಗಂತ ಒಳಗೆ ಯಾರೂ ಗೆರೆ ಎಳೆಯಲೇ ಇಲ್ಲ ಅಂತಲ್ಲ. ಜಾನ್ ಬರ್ಚ್ ಸೊಸೈಟಿ ಅಂತ ಒಂದು ಕಟ್ಟಾ ಬಲಪಂಥೀಯ ಸಂಘ ಇತ್ತು. ಅದರ ಸ್ಥಾಪಕ ರಾಬರ್ಟ್ ವೆಲ್ಚ್, ಮಾಜಿ ಅಧ್ಯಕ್ಷ ಐಸೆನ್‌ಹೋವರ್ ಅವರೇ ಕಮ್ಯುನಿಸ್ಟರ ಏಜೆಂಟ್ ಅಂತ ಬರೆದಿದ್ದ ಆಸಾಮಿ. ಆದರೆ ಅವನ ಸಂಘದವರು ಬಿಸಿಲು ಮಳೆ ನೋಡದೆ ಮನೆ ಮನೆ ತಿರುಗುವ ಕಾರ್ಯಕರ್ತರು. ಅಂಥವರನ್ನು ಬಿಡುವುದು ಸುಲಭವಲ್ಲ. ಕನ್ಸರ್ವೇಟಿವ್‌ಗಳ ಪತ್ರಿಕೆ ನ್ಯಾಷನಲ್ ರಿವ್ಯೂದ ಸಂಪಾದಕ ವಿಲಿಯಂ ಬಕ್ಲಿ 1962ರಲ್ಲಿ ವೆಲ್ಚ್ ಒಬ್ಬನನ್ನು ಮಾತ್ರ ಟೀಕಿಸಿದರು, ಸದಸ್ಯರನ್ನು ಮುಟ್ಟಲಿಲ್ಲ. ಸೋಲಾದ ಮೇಲೆ, 1965ರಲ್ಲಿ, ಇಡೀ ಸಂಘವನ್ನೇ ತರಾಟೆಗೆ ತೆಗೆದುಕೊಂಡರು. ಸ್ವಂತ ಪತ್ರಿಕೆಯ ಓದುಗರೇ ಸಿಟ್ಟಾಗುವ ಕೆಲಸ ಅದು. ನಮ್ಮ ಕಡೆ ಕಿರುಚುವವರನ್ನು ನಾವೇ ಸುಮ್ಮನಿರಿಸುವುದು ಎಷ್ಟು ಕಷ್ಟ ಅಂತ ಯಾವ ಪಕ್ಷದವರನ್ನು ಕೇಳಿದರೂ ಹೇಳುತ್ತಾರೆ. ಗುಟ್ಟಾಗಿ.

ಪಕ್ಷದ ಕಚೇರಿಯಲ್ಲಿ ಬೇರೆಯೇ ಒಬ್ಬ ಮನುಷ್ಯ ಬೇರೆಯೇ ಕೆಲಸ ಮಾಡುತ್ತಿದ್ದ. ಓಹಾಯೋದ ರೇ ಬ್ಲಿಸ್. ಸೋಲಾದ ಮೇಲೆ, 1965ರಲ್ಲಿ, ರಿಪಬ್ಲಿಕನ್ ರಾಷ್ಟ್ರೀಯ ಸಮಿತಿಯ ಅಧ್ಯಕ್ಷ ಗಾದಿ ಅವರಿಗೆ ಬಂತು. ಕ್ಯಾಮೆರಾ ಕಂಡರೆ ದೂರ ಸರಿಯುವವರು. ಸಿದ್ಧಾಂತದ ಚರ್ಚೆ ಎತ್ತಿದರೆ ಅವರು ಅದರಲ್ಲಿ ಇಲ್ಲವೇ ಇಲ್ಲ. ಅವರದ್ದೇನಿದ್ದರೂ ನಟ್ಟು ಬೋಲ್ಟಿನ ಕೆಲಸ: ಯಾವ ಮತಗಟ್ಟೆಯಲ್ಲಿ ನಮ್ಮವರು ಯಾರಿದ್ದಾರೆ, ಯಾರ ಹೆಸರು ಮತದಾರರ ಪಟ್ಟಿಗೆ ಸೇರಿಲ್ಲ, ದೊಡ್ಡ ನಗರಗಳಲ್ಲಿ ನಮಗೆ ಯಾಕೆ ಜನರಿಲ್ಲ. ಕನ್ಸರ್ವೇಟಿವ್‌ಗಳೂ ಮಿತವಾದಿಗಳೂ ಹೊಡೆದಾಡುತ್ತಿದ್ದ ಪಕ್ಷದಲ್ಲಿ ಇಬ್ಬರಿಗೂ ಬೇಕಾದ ಕೆಲಸ ಹಿಡಿದು ಕೂತರು. 1966ರಲ್ಲಿ ಪಕ್ಷಕ್ಕೆ ಕೆಳಮನೆಯಲ್ಲಿ 47 ಸೀಟು ವಾಪಸ್ ಬಂತು. ಬೆಲೆ ಏರಿಕೆ, ವಿಯೆಟ್ನಾಂ, ಬೀದಿ ಗಲಭೆ ಎಲ್ಲ ಅವರಿಗೆ ನೆರವಾಯಿತು ನಿಜ. ಆದರೆ ಗಾಳಿ ಬೀಸಿದಾಗ ತೂರಿಕೊಳ್ಳೋಕೆ ಕಣದಲ್ಲಿ ಕಾಳಾದರೂ ಇರಬೇಕಲ್ಲ.

ಬ್ರಿಟನ್ನಿನಲ್ಲೂ ಹೆಚ್ಚು ಕಮ್ಮಿ ಇದೇ ನಡೆದಿತ್ತು, ಇನ್ನೂ ಮೊದಲೇ. 1945ರಲ್ಲಿ ಯುದ್ಧ ಗೆಲ್ಲಿಸಿದ ಚರ್ಚಿಲ್ ಚುನಾವಣೆ ಸೋತರು. ಲೇಬರ್ ಪಕ್ಷಕ್ಕೆ 393 ಸೀಟು. ಆಗ ಕನ್ಸರ್ವೇಟಿವ್ ಪಕ್ಷ ರಿಪೇರಿಗೆ ಕರೆದದ್ದು ಲಾರ್ಡ್ ವೂಲ್ಟನ್ ಅನ್ನುವ ಅಂಗಡಿ ಮನುಷ್ಯನನ್ನು. ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್ ನಡೆಸಿದ್ದವರು, ಯುದ್ಧದ ಕಾಲದಲ್ಲಿ ಆಹಾರ ಮಂತ್ರಿಯಾಗಿ ರೇಷನ್ ನೋಡಿಕೊಂಡವರು, ಪಕ್ಷಕ್ಕೆ ಸೇರಿದ್ದೇ ಸೋಲಾದ ಮೇಲೆ. ವ್ಯಾಪಾರಿ ಬುದ್ಧಿ ನೋಡಿ, ಚಂದಾ ಎತ್ತೋಕೆ ಸಣ್ಣ ಗುರಿ ಇಡಲಿಲ್ಲ, ಹತ್ತು ಲಕ್ಷ ಪೌಂಡ್ ಬೇಕು ಅಂದರು. ಬಂತು. ಎದುರಾಳಿಗಳನ್ನು ಯಾರೂ ‘ಲೇಬರ್’ ಅನ್ನಬೇಡಿ, ‘ಸೋಶಲಿಸ್ಟ್’ ಅಂತಲೇ ಕರೆಯಿರಿ ಅಂತಲೂ ತಾಕೀತು ಮಾಡಿದರು. ಹೆಸರಿನ ಬೆಲೆ ಅಂಗಡಿಯವನಿಗೆ ಗೊತ್ತಿರುತ್ತೆ.

ಇದಕ್ಕಿಂತ ದೊಡ್ಡದು ಇನ್ನೊಂದಾಯಿತು. ಅಲ್ಲಿವರೆಗೆ ಆ ಪಕ್ಷದಲ್ಲಿ ಟಿಕೆಟ್ ಬೇಕಾದರೆ ಅಭ್ಯರ್ಥಿ ಚೆನ್ನಾಗಿ ದುಡ್ಡು ಬಿಚ್ಚಬೇಕಿತ್ತು, ಅಂದರೆ ಸೀಟು ಹಣವಂತರಿಗೇ ಮೀಸಲು. ಪಕ್ಷದ್ದೇ ಆದ ಮ್ಯಾಕ್ಸ್‌ವೆಲ್ ಫೈಫ್ ಸಮಿತಿ 1949ರಲ್ಲಿ ಅದಕ್ಕೆ ಕಡಿವಾಣ ಹಾಕಿತು. ಅಭ್ಯರ್ಥಿ ವರ್ಷಕ್ಕೆ 25 ಪೌಂಡಿಗಿಂತ ಜಾಸ್ತಿ ಕೊಡುವ ಹಾಗಿಲ್ಲ ಅಂದಿತು. ಹಾಗಾದರೆ ಖರ್ಚಿಗೆ? ಊರಿನ ಶಾಖೆಯವರು ಜನರ ಹತ್ತಿರ ಹೋಗಿ ಚಿಲ್ಲರೆ ಎತ್ತಬೇಕು, ಸದಸ್ಯರನ್ನು ಮಾಡಿಕೊಳ್ಳಬೇಕು, ಬೇರೆ ದಾರಿ ಇಲ್ಲ. ಒಬ್ಬ ಶ್ರೀಮಂತ ಚೆಕ್ ಬರೆದುಕೊಡುವಾಗ ಶಾಖೆಗೆ ಜನ ಯಾಕೆ ಬೇಕಿತ್ತು ಹೇಳಿ? 1951ರಲ್ಲಿ 321 ಸೀಟು ಗೆದ್ದು ವಾಪಸ್ ಬಂದರು. ಒಟ್ಟು ಮತ ಲೇಬರ್‌ಗೇ ಜಾಸ್ತಿ ಬಿದ್ದಿತ್ತು ಅನ್ನೋದು ಬೇರೆ ಮಾತು.

ಎದ್ದು ನಿಲ್ಲಲಾಗದೆ ಹೋದವರೂ ಇದ್ದಾರೆ. ನಮ್ಮ ದೇಶದ ಸ್ವತಂತ್ರ ಪಕ್ಷವನ್ನೇ ತಗೊಳ್ಳಿ. 1959ರಲ್ಲಿ ರಾಜಾಜಿ, ಮೀನೂ ಮಸಾನಿ ಅಂಥವರು ಸೇರಿ ಕಟ್ಟಿದ್ದು. ತಲೆಗಳಿಗೆ ಬರ ಇರಲಿಲ್ಲ. ಏನು ಮಾಡಬೇಕಾದರೂ ಸರ್ಕಾರದ ಅನುಮತಿ ಬೇಕಿದ್ದ ಪರ್ಮಿಟ್ ಲೈಸೆನ್ಸ್ ರಾಜ್ಯದ ಬಗ್ಗೆ ಅವರು ಆಗ ಹೇಳಿದ್ದನ್ನು 1991ರ ನಂತರ ಅವರ ವಿರೋಧಿಗಳೂ ಹೇಳಿದರು. 1967ರಲ್ಲಿ ಲೋಕಸಭೆಯಲ್ಲಿ 44 ಸೀಟು. 1971ರಲ್ಲಿ 8. ಮಸಾನಿ ಅಧ್ಯಕ್ಷ ಸ್ಥಾನ ಬಿಟ್ಟರು, ರಾಜಾಜಿ ಮರುವರ್ಷ ತೀರಿಕೊಂಡರು, 1974ರಲ್ಲಿ ಪಕ್ಷ ಇನ್ನೊಂದರಲ್ಲಿ ಕರಗಿತು. ಅವರ ಮತದಲ್ಲಿ ಎಷ್ಟೋ ಭಾಗ ಹಳೆಯ ರಾಜಮನೆತನಗಳ, ಜಮೀನ್ದಾರರ ಮತ. ಮಹಾರಾಣಿಗೆ ಹಾಕಿದ ಮತ ಮಹಾರಾಣಿಯದ್ದು, ಪಕ್ಷದ್ದಲ್ಲ. ಸೋತ ದಿನ ಬರೆದುಕೊಳ್ಳೋಕೆ ಹೆಸರುಗಳೇ ಇರಲಿಲ್ಲ.

ಕೆನಡಾದ್ದು ಇನ್ನೊಂದು ಥರ. 1993ರಲ್ಲಿ ಆಡಳಿತದಲ್ಲಿದ್ದ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷ ಎರಡೇ ಎರಡು ಸೀಟಿಗೆ ಇಳಿಯಿತು, ಪ್ರಧಾನಿ ಕಿಮ್ ಕ್ಯಾಂಬೆಲ್ ತಮ್ಮ ಸೀಟನ್ನೂ ಕಳೆದುಕೊಂಡರು. ಜನ ಹಾಕಿದ ಮತ ನೋಡಿದರೆ ಶೇಕಡಾ 16 ಇತ್ತು. ಪಕ್ಕದಲ್ಲೇ ರಿಫಾರ್ಮ್ ಪಕ್ಷ ಅಂತ ಇನ್ನೊಂದು ಬಲಪಂಥೀಯ ಅಂಗಡಿ ತೆರೆದಿತ್ತು, ಗಿರಾಕಿಗಳು ಹಂಚಿಹೋದರು. ಎರಡೂ ಅಂಗಡಿ ಒಂದಾಗೋಕೆ ಹತ್ತು ವರ್ಷ ಹಿಡಿಯಿತು. 2003ರಲ್ಲಿ ಸೇರಿದರು, 2006ರಲ್ಲಿ ಸ್ಟೀಫನ್ ಹಾರ್ಪರ್ ಪ್ರಧಾನಿ. ಹಟ ಬಿಟ್ಟಿದ್ದರೆ ಬೇಗ ಆಗುತ್ತಿತ್ತೇನೋ.

ಸೋತ ಮೇಲೆ ಬರೆಯುವ ವರದಿಗಳ ಬಗ್ಗೆ ಮಾತ್ರ ನನಗೆ ನಂಬಿಕೆ ಕಡಿಮೆ. 2012ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಮಿಟ್ ರಾಮ್ನಿ ಸೋತ ಮೇಲೆ ರಿಪಬ್ಲಿಕನ್ ಪಕ್ಷ ನೂರು ಪುಟದ ವರದಿ ಬರೆಸಿತು. ವಲಸೆ ಕಾನೂನು ಸುಧಾರಿಸಿ, ಲ್ಯಾಟಿನೋ ಮತದಾರರ ಹತ್ತಿರ ಹೋಗಿ ಅಂತ ಅದರಲ್ಲಿತ್ತು. ಓದೋಕೆ ಚೆನ್ನಾಗಿಯೇ ಇತ್ತು. 2016ರಲ್ಲಿ ಡೊನಾಲ್ಡ್ ಟ್ರಂಪ್ ಬಂದು ವಲಸೆ ವಿಷಯದಲ್ಲಿ ಅದಕ್ಕೆ ಪೂರ್ತಿ ಉಲ್ಟಾ ಹೇಳಿ ಗೆದ್ದರು. ವರದಿ ತಪ್ಪು, ಟ್ರಂಪ್ ಸರಿ ಅಂತ ನಾನು ಹೇಳುತ್ತಿಲ್ಲ. ಮೇಲೆ ಕೂತವರು ತಮ್ಮ ಮತದಾರರನ್ನು ಎಷ್ಟು ಕಡಿಮೆ ಬಲ್ಲವರಾಗಿದ್ದರು ಅಂತ ಅಷ್ಟೆ. ಅದೇ ರಾಮ್ನಿ ಪ್ರಚಾರದವರು ಮತದಾನದ ದಿನಕ್ಕೆಂದು ಓರ್ಕಾ ಅನ್ನುವ ಕಂಪ್ಯೂಟರ್ ವ್ಯವಸ್ಥೆ ಮಾಡಿಕೊಂಡಿದ್ದರು. ನಮ್ಮವರಲ್ಲಿ ಯಾರು ಮತ ಹಾಕಿದರು, ಯಾರು ಹಾಕಿಲ್ಲ ಅಂತ ಕಾರ್ಯಕರ್ತರು ಫೋನಿನಿಂದಲೇ ತಿಳಿಸಬೇಕು. ಬೇಕಾದ ದಿನವೇ ಅದು ಕೈಕೊಟ್ಟಿತು. ಕೆಲವರಿಗೆ ಕೊಟ್ಟ ಪಿನ್ ಸಂಖ್ಯೆಯೇ ತಪ್ಪು.

ನಾನೂ ಒಂದು ಸಲ ಸೋಲುವ ಕಡೆ ಕೆಲಸ ಮಾಡಿದ್ದೆ. ಸಣ್ಣ ಚುನಾವಣೆ, ಯಾವುದು ಅಂತ ಬೇಡ. ನನ್ನ ಹತ್ತಿರ ಒಂದು ಉದ್ದ ನೋಟ್‌ಬುಕ್ ಇತ್ತು. ಯಾರ ಮನೆಗೆ ಹೋದೆವು, ಯಾರು ಒಳಗೆ ಕರೆದರು, ಯಾರು ನಾನೂ ಬರ್ತೀನಿ ಅಂದರು, ಎಲ್ಲ ಬರೆದಿಟ್ಟಿದ್ದೆ. ಒಂದು ಮುನ್ನೂರು ಹೆಸರಾದರೂ ಇದ್ದವು. ಸೋತ ರಾತ್ರಿ ಅಭ್ಯರ್ಥಿಯ ಫೋನ್ ಸ್ವಿಚ್ ಆಫ್. ವಾರ ಬಿಟ್ಟು ಸಿಕ್ಕಿದಾಗ ನೋಟ್‌ಬುಕ್ ಕೊಡೋಕೆ ಹೋದೆ. "ಇನ್ಯಾಕ್ರೀ ಅದು" ಅಂದರು. ನನಗೂ ಬೇಜಾರಾಗಿತ್ತು, ಎಲ್ಲೋ ಇಟ್ಟೆ. ಮುಂದಿನ ಸಲ ಅವರೇ ಫೋನ್ ಮಾಡಿ ಆ ನೋಟ್‌ಬುಕ್ ಇದೆಯಾ ಅಂತ ಕೇಳಿದಾಗ ಮನೆಯೆಲ್ಲ ಹುಡುಕಿದೆ, ಸಿಗಲಿಲ್ಲ. ರದ್ದಿಗೆ ಹೋಗಿರಬೇಕು.

ಅಂದ ಹಾಗೆ ವಿಗರಿ 1980ರಲ್ಲಿ ರೇಗನ್ ಜೊತೆಗಿರಲಿಲ್ಲ. ಪಕ್ಷದೊಳಗಿನ ಸ್ಪರ್ಧೆಯಲ್ಲಿ ಮೊದಲು ಫಿಲ್ ಕ್ರೇನ್, ಆಮೇಲೆ ಜಾನ್ ಕಾನಲಿ ಪರ ಕೆಲಸ ಮಾಡಿದ. ಇಬ್ಬರೂ ಸೋತರು. ಬ್ಲಿಸ್ ಕಥೆ ಇನ್ನೂ ಸ್ವಾರಸ್ಯ. 1968ರಲ್ಲಿ ಪಕ್ಷ ಗೆದ್ದು ನಿಕ್ಸನ್ ಅಧ್ಯಕ್ಷರಾದರು. ಮುಂದಿನ ವರ್ಷದ ಶುರುವಿನಲ್ಲೇ ಬ್ಲಿಸ್ ಅವರನ್ನು ಕುರ್ಚಿಯಿಂದ ಇಳಿಸಿ ತಮಗೆ ಬೇಕಾದವರನ್ನು ಕೂರಿಸಿಕೊಂಡರು. ಬ್ಲಿಸ್ ಸುಮ್ನೆ ಓಹಾಯೋಗೆ ವಾಪಸ್ ಹೋದರು.